ತಡವರಿಸದ ಕೈಗಳು

ಫಲಿತಾಂಶ ಬಂದ ದಿನ ಪ್ರಮೀಳಾ ಬಡಿಗೇರ ಅವರ ತರಗತಿಯ ಮೂವತ್ತೊಂದು ಮಕ್ಕಳಿಗೆ ಕಂಪ್ಯೂಟರ್ ವಿಜ್ಞಾನದಲ್ಲಿ ಅಂಕಗಳೇ ಬಂದಿರಲಿಲ್ಲ. ಅಂಕ ಇರಬೇಕಾದ ಜಾಗದಲ್ಲಿ ಮೂವತ್ತೊಂದು ಬಾರಿ ಒಂದೇ ಶಬ್ದವಿತ್ತು: ನಕಲು.

ಅದು ೨೦೪೧ರ ಮೇ ತಿಂಗಳು. ಹತ್ತನೇ ತರಗತಿಯಲ್ಲಿ ಕಂಪ್ಯೂಟರ್ ವಿಜ್ಞಾನ ಕಡ್ಡಾಯವಾದ ಮೊದಲ ವರ್ಷ. ಆ ಒಂದು ವಿಷಯದ ಪ್ರಮಾಣಪತ್ರ ಇಲ್ಲದವರಿಗೆ ಕಾಲೇಜಿನ ಬಾಗಿಲು ತೆರೆಯುತ್ತಿರಲಿಲ್ಲ. ಬಸ್ ಡಿಪೋದಲ್ಲಿ ಸಹಾಯಕರ ಕೆಲಸವೂ ಸಿಗುತ್ತಿರಲಿಲ್ಲ. ನಕಲು ಎಂದು ತೀರ್ಪಾದವರು ಮೂರು ವರ್ಷ ಮತ್ತೆ ಪರೀಕ್ಷೆಗೆ ಕೂರುವಂತಿರಲಿಲ್ಲ. ಅವರ ಹೆಸರು ರಾಜ್ಯದ ನಕಲು ಪಟ್ಟಿಗೆ ಸೇರಿ, ಮತ್ತೆ ಬರೆದು ಪಾಸಾಗುವವರೆಗೂ ಯಾರು ಬೇಕಾದರೂ ನೋಡುವಂತೆ ಅಲ್ಲೇ ಉಳಿಯುತ್ತಿತ್ತು.

ತೀರ್ಪು ಕೊಡುತ್ತಿದ್ದುದು ‘ಜಾಡು’ ಎಂಬ ವ್ಯವಸ್ಥೆ. ಉತ್ತರ ಹೇಳಿಕೊಡುವ ಯಂತ್ರಗಳು ಜೋಳದ ಕಾಳಿನಷ್ಟು ಚಿಕ್ಕವಾಗಿ ಕಿವಿಯೊಳಗೆ ಅಡಗುವಂತಾದ ಮೇಲೆ, ಬರೆದ ಉತ್ತರವನ್ನಷ್ಟೇ ನೋಡಿ ಅಂಕ ಕೊಡುವುದಕ್ಕೆ ಅರ್ಥ ಉಳಿದಿರಲಿಲ್ಲ. ಹಾಗಾಗಿ ಜಾಡು ಮೊದಲು ನೋಡುತ್ತಿದ್ದುದು ಉತ್ತರ ಹುಟ್ಟಿದ ಬಗೆಯನ್ನು. ವಿದ್ಯಾರ್ಥಿ ಯಾವ ಸಾಲಿನಲ್ಲಿ ನಿಂತ, ಎಷ್ಟು ಹೊತ್ತು ನಿಂತ, ಏನನ್ನು ಬರೆದು ಅಳಿಸಿದ, ಎಲ್ಲಿ ಹಿಂದೆ ಹೋಗಿ ತಿದ್ದಿದ ಎಂಬುದನ್ನೆಲ್ಲ ಅದು ಕೀಲಿಮಣೆಯಿಂದಲೇ ಹೆಕ್ಕಿಕೊಳ್ಳುತ್ತಿತ್ತು. ಸ್ವಂತವಾಗಿ ಯೋಚಿಸುವವರು ತಡವರಿಸುತ್ತಾರೆ, ಕೇಳಿ ಬರೆಯುವವರು ತಡವರಿಸುವುದಿಲ್ಲ. ಇಷ್ಟೇ ಅದರ ಮೂಲ ತತ್ವ. ಅದನ್ನು ರೂಪಿಸಿದವರು ಡಾ. ವಿನಯಚಂದ್ರ ಹೊಸಕೇರಿ, ಹುಬ್ಬಳ್ಳಿಯ ಜಾಡು ಕೇಂದ್ರದ ನಿರ್ದೇಶಕರು. ಪ್ರಭಾವಿಗಳ ಮಕ್ಕಳನ್ನು ಯಾರೂ ಹಿಂಬಾಗಿಲಿನಿಂದ ಬಿಡಿಸಬಾರದು ಎಂದು ಅವರು ಇನ್ನೊಂದು ನಿಯಮ ಸೇರಿಸಿದ್ದರು. ತೀರ್ಪು ಬಂದ ಕ್ಷಣವೇ ಪ್ರಕಟವಾಗಬೇಕು, ಅದನ್ನು ಮನುಷ್ಯರು ಹಿಂಪಡೆಯುವಂತಿಲ್ಲ, ಮೇಲ್ಮನವಿ ಇಲ್ಲ. ಪತ್ರಿಕೆಗಳು ಆ ನಿಯಮವನ್ನು ಬಹಳ ಹೊಗಳಿದ್ದವು.

ಪ್ರಮೀಳಾ ಕಲಿಸುತ್ತಿದ್ದುದು ಬೆಟಗೇರಿಯಲ್ಲಿ, ನೇಕಾರರ ಓಣಿಯ ಸರ್ಕಾರಿ ಪ್ರೌಢಶಾಲೆಯಲ್ಲಿ. ಶಾಲೆಗೆ ಬಂದ ಎಂಟು ಕಂಪ್ಯೂಟರುಗಳಲ್ಲಿ ಏಳು ಮೊದಲ ವರ್ಷವೇ ಕೆಟ್ಟು ಕುಳಿತಿದ್ದವು. ರಿಪೇರಿಗೆ ಬರೆದ ಪತ್ರಗಳಿಗೆ ಉತ್ತರ ಬರಲಿಲ್ಲ. ಆಗ ಆಕೆ ಗದುಗಿನ ಒಂದು ಪ್ರಿಂಟಿಂಗ್ ಪ್ರೆಸ್ಸಿನಿಂದ ಒಂದು ಮಗ್ಗುಲು ಮಾತ್ರ ಅಚ್ಚಾದ ರದ್ದಿ ಹಾಳೆಗಳನ್ನು ತಂದು, ಮಕ್ಕಳಿಂದ ಪ್ರೋಗ್ರಾಂಗಳನ್ನು ಪೆನ್ಸಿಲ್ಲಿನಲ್ಲಿ ಬರೆಸಿದರು. ಬರೆದದ್ದು ನಡೆಯುತ್ತದೋ ಇಲ್ಲವೋ ಎಂದು ನೋಡಲು ಮಕ್ಕಳೇ ಕಂಪ್ಯೂಟರ್ ಆಗುತ್ತಿದ್ದರು. ಶಾಲೆಯ ಅಂಗಳದಲ್ಲಿ ಆರು ಮಂದಿ ಅಂಕಿ ಕೂಡಿಡುವ ಡಬ್ಬಿಗಳಾಗಿ ನಿಲ್ಲುವರು. ಒಬ್ಬಳು ಸಾಲು ಸಾಲಾಗಿ ಆಜ್ಞೆ ಓದುವಳು. ಉಳಿದವರು ಚೀಟಿಯಲ್ಲಿ ಅಂಕಿ ಬರೆದು ಒಂದು ಡಬ್ಬಿಯಿಂದ ಇನ್ನೊಂದಕ್ಕೆ ಒಯ್ಯುವರು. ತಪ್ಪು ಎಲ್ಲಿದೆಯೋ ಅಲ್ಲಿ ಯಾರಾದರೂ ಚೀಟಿ ಹಿಡಿದುಕೊಂಡು ದಿಕ್ಕು ತೋಚದೆ ನಿಂತುಬಿಡುತ್ತಿದ್ದರು, ಎಲ್ಲರೂ ನಗುತ್ತಿದ್ದರು. ಎರಡು ವರ್ಷ ಹೀಗೆ ನಡೆದ ಮೇಲೆ ಆ ಮಕ್ಕಳಿಗೆ ಅಂಗಳವೂ ಬೇಕಾಗಲಿಲ್ಲ. ಇಡೀ ಪ್ರೋಗ್ರಾಂ ತಲೆಯೊಳಗೇ ಓಡಿ ಮುಗಿಯುತ್ತಿತ್ತು. ಆಮೇಲೆ ಬರೆದರೆ ಎಲ್ಲೂ ಅಳಿಸಬೇಕಾಗುತ್ತಿರಲಿಲ್ಲ.

ಪರೀಕ್ಷೆಯಲ್ಲೂ ಅವರು ಹಾಗೆಯೇ ಮಾಡಿದ್ದರು.

ಫಲಿತಾಂಶದ ಮರುದಿನ ಪ್ರಮೀಳಾ ಮೂವತ್ತೊಂದು ಮಕ್ಕಳ ರದ್ದಿ ಹಾಳೆಗಳ ಕಟ್ಟುಗಳನ್ನು ಎರಡು ಚೀಲದಲ್ಲಿ ತುಂಬಿಕೊಂಡು ಹುಬ್ಬಳ್ಳಿಗೆ ಹೋದರು. ಎರಡು ದಿನ ಕೇಂದ್ರದ ಹೊರಗಿನ ಬೆಂಚಿನ ಮೇಲೆ ಕಾದರು. ಮೂರನೆಯ ದಿನ ಹೊಸಕೇರಿ ಆಕೆಯನ್ನು ನಿಂತಲ್ಲೇ ನಾಲ್ಕು ನಿಮಿಷ ಮಾತಾಡಿಸಿದರು. ಒರಟಾಗಿಯೇನೂ ಮಾತಾಡಲಿಲ್ಲ. ಪರದೆಯ ಮೇಲೆ ಮೂವತ್ತೊಂದು ಗೆರೆಗಳನ್ನು ತೋರಿಸಿದರು. ಎಲ್ಲ ಗೆರೆಗಳೂ ಮೊದಲು ಸ್ವಲ್ಪ ದೂರ ಚಪ್ಪಟೆಯಾಗಿದ್ದು, ಆಮೇಲೆ ಒಂದೇ ಏರಿಕೆಯಲ್ಲಿ ಮೇಲೆ ಹೋಗಿದ್ದವು.

“ನೋಡಿ ಮೇಡಂ, ಮೊದಲ ಇಪ್ಪತ್ತು ನಿಮಿಷ ಒಬ್ಬರೂ ಒಂದು ಕೀಲಿ ಒತ್ತಿಲ್ಲ. ಆಮೇಲೆ ಮೂವತ್ತೊಂದು ಜನವೂ ಎಲ್ಲೂ ನಿಲ್ಲದೆ ಬರೆದಿದ್ದಾರೆ. ಆ ಇಪ್ಪತ್ತು ನಿಮಿಷ ಅವರು ಯಾರ ದನಿಗೆ ಕಾಯುತ್ತಿದ್ದರು?”

“ಯಾರ ದನಿಗೂ ಅಲ್ರಿ. ವಿಚಾರ ಮಾಡಾಕತ್ತಿದ್ರು,” ಎಂದರು ಪ್ರಮೀಳಾ.

ಹೊಸಕೇರಿ ಮುಗುಳ್ನಕ್ಕರು. ಹಾಳೆಗಳ ಚೀಲ ಬಿಚ್ಚಿ ನೋಡಲಿಲ್ಲ. ಕಾಗದದ ಮೇಲೆ ಪರೀಕ್ಷೆ ಮುಗಿದ ಮೇಲೂ ಬರೆಯಬಹುದಲ್ಲ ಎಂದು ಹೇಳಿ, ಒಳಗಿನ ಸಭೆಗೆ ಹೊರಟುಹೋದರು.

ಒಂದೇ ಶಾಲೆಯ ಇಡೀ ತರಗತಿ ಸಿಕ್ಕಿಬಿದ್ದಿದ್ದರಿಂದ ಅದು ಸಾಮೂಹಿಕ ನಕಲು ಎಂದಾಯಿತು. ಅದರ ಸೂತ್ರಧಾರಿ ಎಂದು ಪ್ರಮೀಳಾ ಕೆಲಸ ಕಳೆದುಕೊಂಡರು. ಮಕ್ಕಳು ಅವರವರ ದಾರಿ ಹಿಡಿದರು. ಕೆಲವರು ಮಗ್ಗಕ್ಕೆ, ಕೆಲವರು ಗ್ಯಾರೇಜಿಗೆ, ಮೂವರು ಹುಡುಗಿಯರು ಮದುವೆಯಾಗಿ ಬೇರೆ ಊರಿಗೆ. ಶೈಲಾ ಬಣ್ಣದ ಎಂಬ ಹುಡುಗಿ, ತರಗತಿಯಲ್ಲಿ ಎಲ್ಲರಿಗಿಂತ ಚುರುಕಾಗಿದ್ದವಳು, ತಾಯಿಯ ಜೊತೆ ನೂಲಿಗೆ ಬಣ್ಣ ಹಾಕುವ ಕೆಲಸಕ್ಕೆ ಹೋದಳು. ಮೂರು ವರ್ಷ ಮುಗಿದರೆ ಮತ್ತೆ ಪರೀಕ್ಷೆ ಕಟ್ಟುವೆ ಎಂದು ಪ್ರತಿ ಭಾನುವಾರ ಪ್ರಮೀಳಾ ಅವರ ಮನೆಗೆ ಬಂದು ಲೆಕ್ಕ ಬಿಡಿಸುತ್ತಿದ್ದಳು. ಮೂರನೆಯ ವರ್ಷ ಕಾಮಾಲೆಯಾಗಿ ಹದಿನೈದು ದಿನಗಳಲ್ಲಿ ತೀರಿಕೊಂಡಳು. ಅವಳ ಹಾಲ್ ಟಿಕೆಟ್ ಮನೆಗೆ ಬಂದದ್ದು ಮತ್ತೊಂದು ತಿಂಗಳಿಗೆ.

ಆ ಹಾಲ್ ಟಿಕೆಟ್ ನೋಡಿದ ದಿನ ಪ್ರಮೀಳಾ ಅಳಲಿಲ್ಲ. ಮನೆಗೆ ಬಂದು ಗಂಡ ಈರಣ್ಣನಿಗೆ, ಆ ಮನುಷ್ಯನನ್ನು ಇದೇ ಕುಣಿಕೆಯಲ್ಲಿ ಸಿಕ್ಕಿಸದೆ ಬಿಡುವುದಿಲ್ಲ ಎಂದಷ್ಟೇ ಹೇಳಿದರು. ಈರಣ್ಣ ಬಡಗಿ, ಮೆದು ಸ್ವಭಾವದವನು. ಸಿಟ್ಟಿನ ಮಾತು, ಇಳಿಯುತ್ತದೆ ಎಂದುಕೊಂಡ. ಇಳಿಯಲಿಲ್ಲ.

ಪ್ರಮೀಳಾ ಅದೇ ಪ್ರೆಸ್ಸಿನಲ್ಲಿ ಕರಡು ತಿದ್ದುವ ಕೆಲಸಕ್ಕೆ ಸೇರಿದರು. ಸಂಜೆ ಮಾಳಿಗೆಯ ಮೇಲೆ ಮಕ್ಕಳಿಗೆ ಪಾಠ ಹೇಳಿದರು. ಮೊದಲು ಕಾಗದದ ಮೇಲೆ ಕಲಿತವರು ಆಮೇಲೆ ಯಂತ್ರದ ಮುಂದೆ ಹೇಗೆ ಬರೆಯುತ್ತಾರೆ, ಬೇರೆಯವರು ಹೇಳಿದ್ದನ್ನು ಕೇಳಿ ಹೇಗೆ ಬರೆಯುತ್ತಾರೆ ಎಂಬುದನ್ನು ಗಡಿಯಾರ ಹಿಡಿದು ನೋಡಿ, ಒಂದೊಂದು ಮಗುವಿಗೂ ಒಂದೊಂದು ನೋಟುಬುಕ್ಕಿನಲ್ಲಿ ಬರೆದಿಟ್ಟರು. ನಾಲ್ಕುನೂರಕ್ಕೂ ಹೆಚ್ಚು ನೋಟುಬುಕ್ಕುಗಳಾದವು. ದೇವರ ಗೂಡಿನ ಕೆಳಗಿನ ಕಪಾಟು ತುಂಬಿ, ಅಡುಗೆಮನೆಯ ಅಟ್ಟಕ್ಕೂ ಏರಿದವು. ಹೊಸಕೇರಿ ಎಲ್ಲಿ ಭಾಷಣ ಮಾಡಿದರು, ಯಾವ ಪ್ರಶಸ್ತಿ ಪಡೆದರು ಎಂಬುದನ್ನೂ ಪತ್ರಿಕೆಗಳಿಂದ ಕತ್ತರಿಸಿ ಇಡುತ್ತಿದ್ದರು. ಒಂದು ದಿನ ಊಟಕ್ಕೆ ಕೂತಾಗ ಈರಣ್ಣ, “ನಿನ್ನ ಬಾಯಾಗ ನನ್ನ ಹೆಸರಿಗಿಂತ ಆತನ ಹೆಸರ ಹೆಚ್ಚ ಬರ್ತೈತಿ,” ಎಂದ. ಆಕೆ ರೊಟ್ಟಿ ಮುರಿದರು.

ಹಸೀನಾ ನದಾಫ್ ಆ ಮೂವತ್ತೊಂದರಲ್ಲಿ ಒಬ್ಬಳು. ಮೂರು ವರ್ಷ ಕಾದು, ಹತ್ತೊಂಬತ್ತನೇ ವಯಸ್ಸಿಗೆ ಪರೀಕ್ಷೆ ಕಟ್ಟಿದಳು. ಈ ಬಾರಿ ಉತ್ತರವೆಲ್ಲ ಗೊತ್ತಿದ್ದರೂ ಬೇಕೆಂದೇ ನಿಂತು, ಬೇಕೆಂದೇ ತಪ್ಪು ಬರೆದು ಅಳಿಸಿದಳು. ಜಾಡು ಅವಳನ್ನು ಮೆಚ್ಚಿ ಎಂಬತ್ತೆಂಟು ಅಂಕ ಕೊಟ್ಟಿತು. ಮುಂದೆ ಓದಿ, ಕೊನೆಗೆ ಜಾಡು ಕೇಂದ್ರದ ನಿಯಂತ್ರಣ ಕೊಠಡಿಯಲ್ಲೇ ಕೆಲಸ ಹಿಡಿದಳು. ಅಲ್ಲಿಗೆ ಏಕೆ ಸೇರಿದೆ ಎಂದು ಅವಳ ಅಬ್ಬಾ ಕೇಳಿದಾಗ, ಒಳಗೆ ಹೇಗಿದೆ ನೋಡಬೇಕಿತ್ತು ಎಂದಿದ್ದಳು.

೨೦೫೨ರ ಬೇಸಿಗೆಯಲ್ಲಿ ಕೇಂದ್ರದ ಹಳೆಯ ಕಡತಗಳನ್ನು ಹೊಸ ಭಂಡಾರಕ್ಕೆ ಸಾಗಿಸುವ ಕೆಲಸ ಹಸೀನಾಳ ಪಾಲಿಗೆ ಬಂತು. ಅವುಗಳಲ್ಲಿ ೨೦೪೦ರ ಡಿಸೆಂಬರಿನ ಒಂದು ಪ್ರಾಯೋಗಿಕ ವರದಿ ಇತ್ತು. ಜಾಡು ಜಾರಿಯಾಗುವ ಮೊದಲು ನಾಲ್ಕು ಶಾಲೆಗಳಲ್ಲಿ ಅದನ್ನು ಪರೀಕ್ಷಿಸಿದ್ದರು. ಮೊದಲೇ ಕಾಗದದ ಮೇಲೆ ಅಥವಾ ಮನಸ್ಸಿನಲ್ಲಿ ಪೂರ್ತಿ ಬಿಡಿಸಿಕೊಂಡು ಬರೆಯುವ ಮಕ್ಕಳನ್ನು ವ್ಯವಸ್ಥೆ ನಕಲು ಎಂದು ಹಿಡಿಯುತ್ತಿದೆ, ಇದನ್ನು ಸರಿಪಡಿಸದೆ ಬಿಡುಗಡೆ ಮಾಡಬಾರದು ಎಂದು ಕಿರಿಯ ಅಧಿಕಾರಿಯೊಬ್ಬರು ಬರೆದಿದ್ದರು. ಅದರ ಅಂಚಿನಲ್ಲಿ ಹೊಸಕೇರಿ ಸ್ವಂತ ಕೈಯಿಂದ ಎರಡು ಸಾಲು ಬರೆದು ಸಹಿ ಹಾಕಿದ್ದರು: ‘ಇಂಥ ಮಕ್ಕಳ ಸಂಖ್ಯೆ ಅತ್ಯಲ್ಪ. ಬಿಡುಗಡೆಯ ದಿನಾಂಕ ಮುಂದೂಡುವಂತಿಲ್ಲ.’

ಭಾನುವಾರ ಹಸೀನಾ ಅದರ ಪ್ರತಿಯನ್ನು ದುಪಟ್ಟಾದಲ್ಲಿ ಸುತ್ತಿಕೊಂಡು ಬೆಟಗೇರಿಗೆ ಬಂದಳು. ಪ್ರಮೀಳಾ ಅದನ್ನು ಮೂರು ಸಲ ಓದಿದರು. ಇಷ್ಟು ವರ್ಷ ಆ ಮನುಷ್ಯ ಮೂರ್ಖ, ಜಂಬಗಾರ ಎಂದುಕೊಂಡಿದ್ದರು. ಗೊತ್ತಿದ್ದೂ ಮಾಡಿದ್ದ ಎಂಬುದು ಅವರಿಗೂ ಹೊಸದು.

ಹಸೀನಾ ನಾಳೆಯೇ ಪತ್ರಿಕೆಗೆ ಕೊಡೋಣ ಎಂದಳು. ಪ್ರಮೀಳಾ ಒಪ್ಪಲಿಲ್ಲ. ಕೆಲಸ ಹೋದ ಶಿಕ್ಷಕಿ ಖೊಟ್ಟಿ ಕಾಗದ ತಂದಿದ್ದಾಳೆ ಎಂದರೆ ಅಲ್ಲಿಗೆ ಮುಗಿಯಿತು. ಮೂಲಪ್ರತಿ ಮಾಯವಾಗುತ್ತದೆ, ಹಸೀನಾ ಬೀದಿಗೆ ಬೀಳುತ್ತಾಳೆ. ಹಾಗಾದರೆ ತಾನು ಒಳಗಿನಿಂದಲೇ ಜಾಡುವಿಗೆ ಏನಾದರೂ ಮಾಡುವೆ, ಒಂದು ವಾರದಲ್ಲಿ ಇಡೀ ರಾಜ್ಯದ ಫಲಿತಾಂಶ ಕಲಸಿಹೋಗುವಂತೆ ಮಾಡಬಲ್ಲೆ ಎಂದಳು ಹಸೀನಾ.

“ಯಂತ್ರಕ್ಕ ಕೈ ಹಚ್ಚಬ್ಯಾಡ,” ಎಂದರು ಪ್ರಮೀಳಾ. “ನೀ ಒಂದ ಅಕ್ಷರ ತಿದ್ದಿದ್ರೂ ನಾವು ಖರೇನ ನಕಲು ಮಾಡಿದವರ ಆಗ್ತೀವಿ. ಅದು ಹೆಂಗ ಐತಿ ಹಂಗ ಇರಲಿ. ಆತನ್ನ ಅದರ ಮುಂದ ಕುಂದ್ರಸೋಣು.”

ಅವರಿಗೆ ಒಂದು ಸಂಗತಿ ಗೊತ್ತಿತ್ತು. ಎರಡು ವರ್ಷಗಳ ಹಿಂದೆ ಗದುಗಿನ ಒಂದು ಸಭಾಂಗಣದಲ್ಲಿ ಹೊಸಕೇರಿ ಶಿಕ್ಷಕರಿಗೆ ಉಪನ್ಯಾಸ ಕೊಟ್ಟಾಗ, ಪ್ರಮೀಳಾ ಕೊನೆಯ ಸಾಲಿನಲ್ಲಿ ತಲೆಯ ಮೇಲೆ ಸೆರಗು ಹೊದ್ದು ಕೂತಿದ್ದರು. ಮೊದಲ ವರ್ಷದ ಪ್ರಶ್ನೆಪತ್ರಿಕೆಯನ್ನು ತಾವೇ ತಯಾರಿಸಿದ್ದಾಗಿ ಹೇಳಿ, ಅದರ ಎರಡನೇ ಪ್ರಶ್ನೆಯ ಉತ್ತರವನ್ನು ಹೊಸಕೇರಿ ಹಲಗೆಯ ಮೇಲೆ ಒಂದೇ ಉಸಿರಿನಲ್ಲಿ ಬರೆದು ತೋರಿಸಿದ್ದರು. ನಿದ್ದೆಯಿಂದ ಎಬ್ಬಿಸಿ ಕೇಳಿದರೂ ಬರೆಯುತ್ತೇನೆ ಎಂದು ನಕ್ಕಿದ್ದರು. ಕೈ ಎಲ್ಲೂ ನಿಂತಿರಲಿಲ್ಲ.

ಈಗ, ೨೦೫೨ರಲ್ಲಿ, ಜಾಡುವನ್ನು ದೇಶದ ಎಲ್ಲ ರಾಜ್ಯಗಳೂ ಒಪ್ಪಿಕೊಳ್ಳುವ ಮಾತು ನಡೆದಿತ್ತು. ಹೊಸಕೇರಿ ಅದರ ರಾಷ್ಟ್ರೀಯ ಮುಖ್ಯಸ್ಥರಾಗುವವರಿದ್ದರು. ಪ್ರಮೀಳಾ ಪತ್ರಿಕೆಯೊಂದರ ಓದುಗರ ಅಂಕಣಕ್ಕೆ ತಮ್ಮ ಹೆಸರು ಹಾಕಿ ಒಂದು ಪತ್ರ ಬರೆದರು. ಹನ್ನೊಂದು ವರ್ಷಗಳ ಹಿಂದೆ ನನ್ನ ಮೂವತ್ತೊಂದು ಮಕ್ಕಳನ್ನು ಹೊರಗೆ ಹಾಕಿದ ಪ್ರಶ್ನೆಪತ್ರಿಕೆ ನ್ಯಾಯವಾದದ್ದೇ ಆದರೆ, ಅದೇ ಪತ್ರಿಕೆಗೆ ಡಾ. ಹೊಸಕೇರಿಯವರು ಎಲ್ಲರೆದುರು ಕೂರಲಿ; ಆಟಕ್ಕಲ್ಲ, ನಿಜವಾದ ಹಾಲ್ ಟಿಕೆಟ್ ಸಂಖ್ಯೆ ಪಡೆದು ಕೂರಲಿ ಎಂದಿತ್ತು ಪತ್ರದಲ್ಲಿ. ಎರಡು ದಿನದಲ್ಲಿ ಆ ಪತ್ರ ಎಲ್ಲರ ಮೊಬೈಲಿನಲ್ಲಿ ಹರಿದಾಡಿತು. ಕೇಂದ್ರದಲ್ಲಿ ಅದನ್ನು ಓದಿ ನಕ್ಕರು ಎಂದು ಹಸೀನಾ ಫೋನಿನಲ್ಲಿ ಹೇಳಿದಳು. ಇದಕ್ಕಿಂತ ಒಳ್ಳೆಯ ಪ್ರಚಾರ ಬೇರೆ ಸಿಗುವುದಿಲ್ಲ ಎಂದು ಹೊಸಕೇರಿ ಆವತ್ತೇ ಒಪ್ಪಿಕೊಂಡರಂತೆ. ಒಮ್ಮೆ ಪೂರ್ವಾಭ್ಯಾಸ ಮಾಡಿ ನೋಡೋಣ ಎಂದ ಸಹಾಯಕರಿಗೆ, ಹತ್ತನೇ ತರಗತಿಯ ಪರೀಕ್ಷೆಗೆ ನನಗೆ ಅಭ್ಯಾಸವೇ ಎಂದು ಬೈದರಂತೆ.

ಪರೀಕ್ಷೆ ನಡೆದದ್ದು ಜುಲೈ ತಿಂಗಳ ಒಂದು ಬೆಳಗ್ಗೆ, ಹತ್ತು ಗಂಟೆಗೆ. ಕೇಂದ್ರದ ಸಭಾಂಗಣದಲ್ಲಿ ಪತ್ರಕರ್ತರು, ಬೇರೆ ರಾಜ್ಯಗಳಿಂದ ಬಂದ ಅಧಿಕಾರಿಗಳು, ಹತ್ತಾರು ಕ್ಯಾಮೆರಾಗಳು. ವೇದಿಕೆಯ ನಡುವೆ ಒಂದು ಶಾಲಾ ಬೆಂಚು, ಅದರ ಮೇಲೆ ಕಂಪ್ಯೂಟರ್. ಹೊಸಕೇರಿ ಹಾಲ್ ಟಿಕೆಟ್ಟನ್ನು ಎಲ್ಲರಿಗೂ ಎತ್ತಿ ತೋರಿಸಿ ಕೂತರು. ಕಿವಿಗಳನ್ನು ಪರೀಕ್ಷಿಸಿಕೊಳ್ಳಿ ಎಂದು ತಾವೇ ತಲೆ ಬಾಗಿಸಿದರು. ಜನ ನಕ್ಕರು. ಪ್ರಮೀಳಾ ಬಂದಿರಲಿಲ್ಲ. ಪ್ರೆಸ್ಸಿನಲ್ಲಿ ಲಗ್ನಪತ್ರಿಕೆಯೊಂದರ ಕರಡು ತಿದ್ದುತ್ತ, ಮಾಲೀಕರ ಟೀವಿಯಲ್ಲಿ ನೋಡುತ್ತಿದ್ದರು.

ನಿಯಂತ್ರಣ ಕೊಠಡಿಯಲ್ಲಿ ಹಸೀನಾಳ ಜೊತೆ ಇನ್ನಿಬ್ಬರಿದ್ದರು. ಅವಳು ಎರಡೂ ಕೈಗಳನ್ನು ಮೇಜಿನಿಂದ ತೆಗೆದು ತೊಡೆಯ ಮೇಲೆ ಇಟ್ಟುಕೊಂಡಿದ್ದಳು. ನಾಳೆ ಯಾರಾದರೂ ದೃಶ್ಯ ತೆಗೆದು ನೋಡಿದರೆ ತಾನು ಏನನ್ನೂ ಮುಟ್ಟಲಿಲ್ಲ ಎಂದು ಕಾಣಬೇಕಿತ್ತು. ಪರದೆಯ ಮೇಲೆ ಹೊಸಕೇರಿಯ ಗೆರೆ ಶುರುವಾಯಿತು. ಮೊದಲ ಪ್ರಶ್ನೆ ಹನ್ನೊಂದು ನಿಮಿಷ. ಎರಡನೆಯದು, ಬಸ್ ವೇಳಾಪಟ್ಟಿಯದು, ಒಂಬತ್ತು ನಿಮಿಷ. ಕ್ಯಾಮೆರಾಗಳು ಹತ್ತಿರ ಬಂದಷ್ಟೂ ಅವರ ಬೆರಳುಗಳು ಇನ್ನೂ ಚುರುಕಾಗುತ್ತಿದ್ದವು. ಒಮ್ಮೆಯೂ ಅಳಿಸುವ ಕೀಲಿ ಒತ್ತಲಿಲ್ಲ. ಗೆರೆ ನೆಟ್ಟಗೆ ಮೇಲೇರುತ್ತಿತ್ತು. ಪಕ್ಕದಲ್ಲಿದ್ದ ಹಿರಿಯ ಎಂಜಿನಿಯರ್ ಮೊದಲು ಹೆಮ್ಮೆಯಿಂದ ನೋಡುತ್ತಿದ್ದವನು, ಮೂರನೇ ಪ್ರಶ್ನೆಯ ನಡುವೆ ಎದ್ದು ನಿಂತ. ಸರ್ ಸ್ವಲ್ಪ ನಿಲ್ಲಲಿ, ಏನಾದರೂ ಅಳಿಸಲಿ ಎಂದು ಗೊಣಗಿದ. ಸಭಾಂಗಣಕ್ಕೆ ಫೋನ್ ಮಾಡಲು ಕೈ ಚಾಚಿ, ಮತ್ತೆ ಹಿಂದೆ ತೆಗೆದ. ಪರೀಕ್ಷೆ ನಡೆಯುವಾಗ ಒಳಗೆ ಮಾತು ಕಳಿಸುವುದು ಅಪರಾಧ.

ಮೂವತ್ತಾರು ನಿಮಿಷಕ್ಕೆ ಹೊಸಕೇರಿ ಕೈಯೆತ್ತಿದರು. ಚಪ್ಪಾಳೆ ಬಿತ್ತು. ಚಪ್ಪಾಳೆ ನಿಲ್ಲುವ ಮೊದಲೇ ಹಿಂದಿನ ದೊಡ್ಡ ಪರದೆಯ ಮೇಲೆ ತೀರ್ಪು ಬಂತು. ಅವರಿಗೆ ಅದು ಕಾಣಲಿಲ್ಲ. ಜನರ ಮುಖ ನೋಡಿ ತಿರುಗಿದರು. ಅವರ ಹೆಸರು, ಹಾಲ್ ಟಿಕೆಟ್ ಸಂಖ್ಯೆ, ಅದರ ಮುಂದೆ ನಕಲು. ಆಗಲೇ ಅದು ಎಲ್ಲ ಜಿಲ್ಲೆಗಳ ಪಟ್ಟಿಯಲ್ಲೂ ಮೂಡಿಯಾಗಿತ್ತು.

ಪ್ರೆಸ್ಸಿನ ಮಾಲೀಕರು ಟೀವಿಯ ದನಿ ಜೋರು ಮಾಡಿದರು. ಪ್ರಮೀಳಾ ಪೆನ್ನು ಕೆಳಗಿಟ್ಟು ಆ ಮುಖವನ್ನೇ ನೋಡಿದರು. ಹೊಸಕೇರಿ ಏನೋ ಹೇಳಲು ಬಾಯಿ ತೆರೆದು, ಸಿಗದೆ, ಮತ್ತೆ ಮುಚ್ಚುತ್ತಿದ್ದರು. ಹನ್ನೊಂದು ವರ್ಷಗಳಲ್ಲಿ ಅಷ್ಟು ರುಚಿಯಾದದ್ದು ಪ್ರಮೀಳಾ ಯಾವುದನ್ನೂ ಕಂಡಿರಲಿಲ್ಲ. ಆ ಸಂಜೆ ಅವರು ಹಬ್ಬದಂತೆ ಗೋದಿ ಹುಗ್ಗಿ ಮಾಡಿದರು. ಈರಣ್ಣ ಎರಡು ಬಟ್ಟಲು ಉಂಡ, ಇನ್ನಾದರೂ ಮುಗಿಯಿತೇ ಎಂದು ಕೇಳಿದ. ಇನ್ನೂ ಅರ್ಧ ಉಳಿದಿದೆ ಎಂದರು ಪ್ರಮೀಳಾ.

ಆಮೇಲಿನದು ಬೇಗ ಬೇಗ ಆಯಿತು. ಬೇರೆ ರಾಜ್ಯಗಳು ಹಿಂದೆ ಸರಿದವು. ಪಟ್ಟಿಯಲ್ಲಿ ಹೆಸರಿದ್ದವರು ಸರ್ಕಾರಿ ಹುದ್ದೆಯಲ್ಲಿ ಇರುವಂತಿಲ್ಲ ಎಂಬ ನಿಯಮದಂತೆ ಹೊಸಕೇರಿ ಕುರ್ಚಿ ಬಿಡಬೇಕಾಯಿತು. ಅಂಗಡಿಯ ಮುಂದೆ ಹುಡುಗರು ಅವರ ಹೆಸರು ಹಿಡಿದು ನಗುತ್ತಿದ್ದರು. ಗಲಾಟೆ ಹೆಚ್ಚಾದಾಗ ಸರ್ಕಾರ ನಿವೃತ್ತ ನ್ಯಾಯಾಧೀಶೆಯೊಬ್ಬರ ಮುಂದಾಳತ್ವದಲ್ಲಿ ವಿಚಾರಣಾ ಸಮಿತಿ ನೇಮಿಸಿ, ಕೇಂದ್ರದ ಕಡತಗಳಿಗೆಲ್ಲ ಬೀಗ ಹಾಕಿಸಿತು. ಮೊದಲೇ ಬಿಡಿಸಿಕೊಂಡ ಮನಸ್ಸು ತಡವರಿಸುವುದಿಲ್ಲ ಎಂದು ಸಾಕ್ಷಿಸಮೇತ ತೋರಿಸಬಲ್ಲವರು ಯಾರಾದರೂ ಇದ್ದರೆ ಕರೆತನ್ನಿ ಎಂದು ಸಮಿತಿ ಹೊಸಕೇರಿಗೆ ತಿಳಿಸಿತು. ಅಂಥ ದಾಖಲೆ ರಾಜ್ಯದಲ್ಲಿ ಒಂದೇ ಕಡೆ ಇತ್ತು. ಬೆಟಗೇರಿಯ ಒಂದು ಅಟ್ಟದ ಮೇಲೆ.

ಆ ನೋಟುಬುಕ್ಕುಗಳ ಸುದ್ದಿ ಕಿವಿಗೆ ಬಿದ್ದು ಹೊಸಕೇರಿ ಬಂದದ್ದು ಬೆಳಗಿನ ಹೊತ್ತು. ಓಣಿಯಲ್ಲಿ ಮಗ್ಗಗಳ ಸದ್ದು ಶುರುವಾಗಿತ್ತು. ಪ್ರಮೀಳಾ ಕುಡಿಯಲು ನೀರು ಕೊಟ್ಟರು, ಚಹಾ ಮಾಡಲಿಲ್ಲ. ಹೊಸಕೇರಿ ಸೊರಗಿದ್ದರು. ತಮ್ಮ ಮಗಳ ಸಂಬಂಧ ಮುರಿದುಬಿದ್ದದ್ದನ್ನು ಹೇಳಿದರು. ನಾನು ಕದ್ದಿಲ್ಲ, ಕೇಳಿ ಬರೆದಿಲ್ಲ ಎಂಬುದು ಪ್ರಪಂಚದಲ್ಲಿ ನಿಮಗೊಬ್ಬರಿಗೇ ಖಚಿತವಾಗಿ ಗೊತ್ತು ಎಂದರು.

“ಗೊತ್ತೈತ್ರಿ,” ಎಂದರು ಪ್ರಮೀಳಾ. “ನನ್ನ ಮಕ್ಕಳದೂ ಗೊತ್ತಿತ್ತು.”

ಹೊಸಕೇರಿ ತಲೆ ತಗ್ಗಿಸಿದರು. ಪ್ರಮೀಳಾ ತಮ್ಮ ಷರತ್ತು ಹೇಳಿದರು. ನಕಲು ಎಂದು ತೀರ್ಪಾದ ಉತ್ತರಗಳಿಗೆ ಜಾಡು ಅಂಕ ಹಾಕುತ್ತಿರಲಿಲ್ಲ. ಆ ಮೂವತ್ತೊಂದು ಉತ್ತರಗಳನ್ನು ಸಮಿತಿಯ ಅನುಮತಿ ಪಡೆದು ತೆಗೆಸಬೇಕು, ಯಂತ್ರದಿಂದಲ್ಲ, ಹೊಸಕೇರಿಯವರೇ ಕೂತು ಒಂದೊಂದು ಸಾಲು ಓದಿ ಅಂಕ ಹಾಕಬೇಕು, ಪ್ರತಿಯೊಂದಕ್ಕೂ ಸಹಿ ಮಾಡಬೇಕು. ಹಾಗೆ ಮಾಡಿದರೆ ತಾನು ಸಾಕ್ಷಿ ಹೇಳುವೆ, ನೋಟುಬುಕ್ಕುಗಳನ್ನೆಲ್ಲ ಕೊಡುವೆ. ಹೊಸಕೇರಿ ಅಲ್ಲೇ ಒಪ್ಪಿದರು. ಒಂಬತ್ತು ದಿನಗಳಲ್ಲಿ ಮೂವತ್ತೊಂದು ಅಂಕಪಟ್ಟಿಗಳು ಬಂದವು. ಒಬ್ಬ ಹುಡುಗನಿಗೆ ಮೂವತ್ತೊಂಬತ್ತು, ಮೂವರಿಗೆ ನೂರಕ್ಕೆ ನೂರು. ಅವರು ಪ್ರಾಮಾಣಿಕವಾಗಿಯೇ ಅಂಕ ಹಾಕಿದ್ದಾರೆ ಎಂದು ಪ್ರಮೀಳಾ ಅವರಿಗೆ ನೋಡಿದ ಕೂಡಲೇ ತಿಳಿಯಿತು. ಅದರಿಂದ ಸಿಟ್ಟು ಕಡಿಮೆಯಾಗಲಿಲ್ಲ. ಇಷ್ಟು ಸರಿಯಾಗಿ ನೋಡಬಲ್ಲ ಕಣ್ಣು ಆವತ್ತು ಚೀಲ ಬಿಚ್ಚಿ ನೋಡಲಿಲ್ಲವಲ್ಲ ಎಂದು ಇನ್ನೂ ಹೆಚ್ಚಾಯಿತು.

ವಿಚಾರಣೆಯ ದಿನ ನೋಟುಬುಕ್ಕುಗಳನ್ನು ಈರಣ್ಣನ ಗೆಳೆಯನ ಮೂರು ಗಾಲಿಯ ಟಂಟಂ ಗಾಡಿಯಲ್ಲಿ ತುಂಬಿಕೊಂಡು ಹೋದರು. ಪ್ರಮೀಳಾ ಒಂದೂವರೆ ಗಂಟೆ ಮಾತಾಡಿದರು. ಮೊದಲು ತಲೆಯೊಳಗೆ ನಡೆಸಿ ನೋಡಿದವರ ಕೈ ಹೇಗೆ ಓಡುತ್ತದೆ, ಅದಕ್ಕೂ ಕೇಳಿ ಬರೆಯುವವರ ಕೈಗೂ ಇರುವ ವ್ಯತ್ಯಾಸವೇನು ಎಂಬುದನ್ನು ಒಂದೊಂದೇ ನೋಟುಬುಕ್ಕು ತೆರೆದು ತೋರಿಸಿದರು. ಕೇಳಿ ಬರೆಯುವವರು ಪ್ರತಿ ಸಾಲಿನ ಕೊನೆಗೆ ಮುಂದಿನ ಮಾತಿಗಾಗಿ ಒಂದೇ ಅಳತೆಯಲ್ಲಿ ಕಾಯುತ್ತಾರೆ. ಮೊದಲೇ ಬಿಡಿಸಿಕೊಂಡವರು ಹಾಗೆ ಕಾಯುವುದಿಲ್ಲ. ಡಾ. ಹೊಸಕೇರಿಯವರು ನಕಲು ಮಾಡಿಲ್ಲ ಎಂದು ಸ್ಪಷ್ಟವಾಗಿ ಹೇಳಿದರು. ಹೊಸಕೇರಿ ಕಣ್ಣು ಮುಚ್ಚಿ ಉಸಿರು ಬಿಟ್ಟರು. ಅವರ ಪಕ್ಕ ಕೂತಿದ್ದ ಮಗಳು ತಂದೆಯ ಕೈ ಹಿಡಿದುಕೊಂಡಳು.

ನ್ಯಾಯಾಧೀಶೆ ಬೇರೇನಾದರೂ ಹೇಳುವುದಿದೆಯೇ ಎಂದು ಕೇಳಿದರು.

“ಒಂದೈತ್ರಿ,” ಎಂದರು ಪ್ರಮೀಳಾ. “ನನ್ನ ಮಕ್ಕಳೂ ನಕಲು ಮಾಡಿದ್ದಿಲ್ಲ ಅನ್ನೂದು ಇವರಿಗೆ ಪರೀಕ್ಷೆಗಿಂತ ನಾಕ ತಿಂಗಳ ಮೊದಲ ಗೊತ್ತಿತ್ತು. ನೀವು ಬೀಗ ಹಾಕಿಸಿದ ಕಡತದಾಗನ ಐತಿ, ತಗಸಿ ನೋಡ್ರಿ.” ವರದಿಯ ತಾರೀಖು ಹೇಳಿದರು, ಪುಟದ ಸಂಖ್ಯೆಯನ್ನೂ ಹೇಳಿದರು.

ಮೂಲಪ್ರತಿ ತರಲು ಅರ್ಧ ಗಂಟೆ ಹಿಡಿಯಿತು. ಆ ಅರ್ಧ ಗಂಟೆ ಯಾರೂ ಎದ್ದು ಹೋಗಲಿಲ್ಲ. ಮಗಳು ಮೆಲ್ಲಗೆ ಏನೋ ಕೇಳಿದಳು. ಹೊಸಕೇರಿ ಬಾಗಿಲನ್ನೇ ನೋಡುತ್ತಿದ್ದರು. ಅಂಚಿನ ಎರಡು ಸಾಲುಗಳನ್ನು ನ್ಯಾಯಾಧೀಶೆ ಗಟ್ಟಿಯಾಗಿ ಓದಿ, ಇದು ನಿಮ್ಮ ಕೈಬರಹವೇ ಎಂದು ಕೇಳಿದಾಗ ಹೌದು ಎಂದರು. ಮಗಳು ಹಿಡಿದಿದ್ದ ಕೈಯನ್ನು ಬಿಟ್ಟಳು. ಪ್ರಮೀಳಾ ಅದನ್ನು ನೋಡಿದರು. ನೋಡಬೇಕೆಂದೇ ಅವರು ಎದುರಿನ ಕುರ್ಚಿಯಲ್ಲಿ ಕೂತಿದ್ದರು. ಹೊರಗೆ ಬರುವಾಗ ಹೊಸಕೇರಿ ಕಾರಿಡಾರಿನಲ್ಲಿ ಎದುರಾಗಿ, ಮೊದಲೇ ನಿಮ್ಮ ಹತ್ತಿರ ಇದು ಇತ್ತೇ ಎಂದು ಕೇಳಿದರು. ಇತ್ತು ಎಂದರು ಪ್ರಮೀಳಾ. ಮೆಟ್ಟಿಲಿಳಿದು ಹಸೀನಾಳ ಜೊತೆ ಬಸ್ಸು ಹತ್ತಿದರು.

ನಕಲಿನ ಪಟ್ಟಿಯಿಂದ ಹೊಸಕೇರಿಯ ಹೆಸರು ಹೋಯಿತು; ಗೊತ್ತಿದ್ದೂ ಮಕ್ಕಳಿಗೆ ಅನ್ಯಾಯ ಮಾಡಿದ್ದಕ್ಕೆ ಅವರ ಮೇಲೆ ಮೊಕದ್ದಮೆ ಹೂಡಲಾಯಿತು. ಜಾಡು ನಿಂತಿತು. ಹನ್ನೊಂದು ವರ್ಷಗಳಲ್ಲಿ ಆ ಪಟ್ಟಿಗೆ ಬಿದ್ದಿದ್ದ ಸಾವಿರಾರು ಹೆಸರುಗಳನ್ನು ಮತ್ತೆ ಪರಿಶೀಲಿಸಲು ಸಮಿತಿ ಆಜ್ಞೆ ಮಾಡಿತು. ಬೆಟಗೇರಿಯ ಮೂವತ್ತೊಂದು ಮಂದಿಗೆ ಪ್ರಮಾಣಪತ್ರಗಳು ಬಂದವು. ಅವನ್ನು ಪ್ರಮೀಳಾ ತಾವೇ ಮನೆಮನೆಗೆ 
ಒಯ್ದು ಕೊಟ್ಟರು. ಕೆಲವರು ಅತ್ತರು. ಗ್ಯಾರೇಜಿನಲ್ಲಿದ್ದ ಒಬ್ಬ, ಇದನ್ನು ಈಗ ಏನು ಮಾಡಲಿ ಎಂದು ನಕ್ಕು, ಕೈ ಎಣ್ಣೆಯಾಗಿದೆ ಅಲ್ಲೇ ಇಡಿ ಎಂದ.

ಶೈಲಾಳ ಮನೆಗೆ ಕೊನೆಗೆ ಹೋದರು. ತಾಯಿ ಕಮಲವ್ವ ಹಿತ್ತಲಲ್ಲಿ ಬಣ್ಣ ಹಾಕಿದ ನೂಲಿನ ಲಡಿಗಳನ್ನು ಬಿದಿರಿಗೆ ಹರವುತ್ತಿದ್ದರು. ಮೊಣಕೈವರೆಗೆ ನೀಲಿ. ಆ ಮನುಷ್ಯನಿಗೆ ಏನೇನಾಯಿತು ಎಂಬುದನ್ನು ಪ್ರಮೀಳಾ ಮೊದಲಿನಿಂದ ಹೇಳಿದರು. ಸಭಾಂಗಣದಲ್ಲಿ ಬಾಯಿ ಕಟ್ಟಿದ್ದು, ಮಗಳು ಕೈ ಬಿಟ್ಟದ್ದು, ಎಲ್ಲ. ಕಮಲವ್ವ ಲಡಿ ಹರವುತ್ತಲೇ ಕೇಳಿದರು. ಎಲ್ಲ ಮುಗಿದ ಮೇಲೆ ಶೈಲಾಗೆ ಎಷ್ಟು ಬಿದ್ದಿದೆ ಎಂದು ಕೇಳಿದರು.

ತೊಂಬತ್ತೊಂದು ಎಂದರು ಪ್ರಮೀಳಾ.

“ಒಂಬತ್ತ ಯಾಕ ಹೋದವು?”

ಓದು ಬಾರದ ಹೆಂಗಸಿಗೆ ಅದನ್ನು ಹೇಗೆ ಹೇಳಬೇಕೆಂದು ಪ್ರಮೀಳಾ ಒಂದು ಕ್ಷಣ ಯೋಚಿಸಿದರು. ಆಮೇಲೆ ಕಟ್ಟೆಯ ಮೇಲೆ ಕೂತು ಬಿಡಿಸಿ ಹೇಳಿದರು. ಕೊನೆಯ ಪ್ರಶ್ನೆ ಆಸ್ಪತ್ರೆಯ ಪಾಳಿಯದು. ರೋಗಿಗಳು ಸಾಲಾಗಿ ಬರುತ್ತಾರೆ, ಬೇನೆ ತೀರಾ ಜೋರಿದ್ದವರನ್ನು ಮುಂದೆ ಕಳಿಸಬೇಕು, ಉಳಿದವರ ಪಾಳಿ ತಪ್ಪಬಾರದು. ಅದನ್ನೆಲ್ಲ ಶೈಲಾ ಬಹಳ ಚೆನ್ನಾಗಿ ಬರೆದಿದ್ದಳು. ಆದರೆ ಸಾಲಿನಲ್ಲಿ ಒಬ್ಬ ರೋಗಿಯೂ ಇಲ್ಲದಿದ್ದರೆ ಏನು ಮಾಡಬೇಕು ಎಂಬುದನ್ನು ಬರೆಯುವುದು ಮರೆತಿದ್ದಳು. ಹಾಗೆ ಬಿಟ್ಟರೆ ಪ್ರೋಗ್ರಾಂ ಅಲ್ಲಿ ನಿಂತುಬಿಡುತ್ತದೆ.

“ಅದನ್ನ ನೀವು ಹೇಳಿಕೊಟ್ಟಿದ್ದಿಲ್ಲೇನ್ರಿ ಅಕ್ಕೋರ?”

“ಹೇಳಿಕೊಟ್ಟಿದ್ದೆ. ಮರತಾಳ.”

ಕಮಲವ್ವ ಪ್ರಮಾಣಪತ್ರವನ್ನು ಮುಟ್ಟಲಿಲ್ಲ, ಕೈ ಹಸಿಯಾಗಿತ್ತು. ಬಗ್ಗಿ, ಮಗಳ ಹೆಸರು ಯಾವುದು ಎಂದು ಕೇಳಿ, ಪ್ರಮೀಳಾ ತೋರಿಸಿದ ಜಾಗವನ್ನು ಬಹಳ ಹೊತ್ತು ನೋಡಿದರು.

“ಬರೋಬ್ಬರಿನ ಬರದಾಳ ಬಿಡ್ರಿ,” ಎಂದರು. “ಮಂದಿ ಇಲ್ಲದ ಆಸ್ಪತ್ರಿ ಆಕಿ ಎಲ್ಲಿ ನೋಡಿದ್ಲು?”